‘ಮೊದಲು’ ಎಂಬ ಫೋಟೋ

ಶಾಲೆಯ ಸ್ಟಾಫ್ ರೂಮಿನಿಂದ,
ಫೆಬ್ರವರಿ ೯, ಶುಕ್ರವಾರ ಸಂಜೆ

ಅಕ್ಕಾ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಮೂರು ಪತ್ರಗಳೂ ಬಂದಿವೆ. ಮೂರೂ ಈ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಕೂತು ನನ್ನನ್ನೇ ನೋಡುತ್ತಿವೆ. ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನೀನು ನಂಬುವವಳಲ್ಲ. ನನಗೆ ಸ್ಲೇಟು ಹಿಡಿಯುವುದನ್ನು ಕಲಿಸಿದವಳು ನೀನು, ನಾನು ಯಾವಾಗ ಕಳ್ಳಾಟ ಆಡುತ್ತೇನೆ ಎಂಬುದು ನಿನಗೆ ದೂರದಿಂದಲೇ ಗೊತ್ತಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಕೇಳಿಸಲು ನಾನು ಕಿರುಚಬೇಕು, ಇದು ಕಿರುಚಿ ಹೇಳುವ ವಿಷಯವಲ್ಲ.

ನಿನ್ನ ಮಂಡಿ ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡ ಎಂದರೆ ಕೇಳುವವಳೇ ನೀನು? ಇಲ್ಲಿ ನಮ್ಮ ಮನೆಯವರ ಕೆಮ್ಮು ಇಳಿದಿದೆ, ಗೊಣಗಾಟ ಇಳಿದಿಲ್ಲ. ಶಾಲೆಯ ಆಯಮ್ಮನಿಗೆ ಕಣ್ಣಿನ ಆಪರೇಶನ್ ಆಯಿತು. ಈಗ ಅವಳಿಗೆ ಮೂಲೆಮೂಲೆಯ ಕಸವೆಲ್ಲ ಕಾಣುತ್ತಿದೆಯಂತೆ. “ಇಷ್ಟು ದಿನ ಯಾರಾದ್ರೂ ಹೇಳ್ಬಾರ್ದಿತ್ತಾ?” ಎಂದು ನಮ್ಮ ಮೇಲೆಯೇ ರೇಗುತ್ತಾಳೆ.

ನಿನ್ನ ಮೂರು ಪತ್ರಗಳಲ್ಲೂ ಕೊನೆಯ ಸಾಲು ಒಂದೇ. ನನ್ನ ಗುಬ್ಬಿ ಹೇಗಿದ್ದಾಳೆ, ಹೈಸ್ಕೂಲಿನ ಲೆಕ್ಕ ಅವಳಿಗೆ ಸಾಕಾಗುತ್ತದೋ ಇಲ್ಲವೋ ಎಂದು. ಆ ಸಾಲಿಗೆ ಹೆದರಿಯೇ ನಾನು ಬರೆಯದೆ ಕೂತದ್ದು. ಅಕ್ಕ, ಗುಬ್ಬಿ ಹೈಸ್ಕೂಲಿಗೆ ಹೋಗುತ್ತಿಲ್ಲ. ಬಿಟ್ಟು ಎರಡು ತಿಂಗಳಾಯಿತು. ಅವಳ ಅಮ್ಮನ ಜೊತೆ ಉಪ್ಪುಕಾಗದ ಹಿಡಿದು ಯಾರದೋ ಹೊಸ ಮನೆಯ ಗೋಡೆ ಉಜ್ಜಲು ಹೋಗುತ್ತಾಳೆ.

ಈಗ ನೀನು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತೀಯ ಎಂದು ಗೊತ್ತು. ಒರೆಸಿಕೋ, ನಾನು ಕಾಯುತ್ತೇನೆ.

ಇವತ್ತು ಯಾಕೆ ಬರೆಯಲು ಕೂತೆ ಎಂದರೆ, ಮಧ್ಯಾಹ್ನ ಪೇಂಟ್ ಕಂಪನಿಯವರ ಪತ್ರ ಬಂತು. ಹೊಳೆಯುವ ಕಾಗದ, ಮೂಲೆಯಲ್ಲಿ ಮೂರು ಬಣ್ಣದ ಹನಿ. ಮುಂದಿನ ಗುರುವಾರ ಅವರ ದೊಡ್ಡವರೆಲ್ಲ ನಮ್ಮ ಶಾಲೆಗೆ ಬರುತ್ತಾರಂತೆ. ಅವರು ನಮ್ಮನ್ನು ‘ದತ್ತು’ ತೆಗೆದುಕೊಂಡು ಒಂದು ವರ್ಷ ಆಯಿತಲ್ಲ, ಅದಕ್ಕೆ. ಅದರಲ್ಲಿ ಒಂದು ಸಾಲು: “ನಮ್ಮ ಯಶೋಗಾಥೆಯಾದ ಬಾಲಕಿಯನ್ನು ವೇದಿಕೆಯ ಮೇಲೆ ಹಾಜರುಪಡಿಸತಕ್ಕದ್ದು.” ಯಶೋಗಾಥೆ ಎಂದರೆ ಗುಬ್ಬಿ. ಹಾಜರುಪಡಿಸತಕ್ಕದ್ದಂತೆ, ಅವಳೇನು ಕಳುವಿನ ಮಾಲೇ? ಓದಿದೆ, ಬಾಯಿ ಹೊಲಸಾಯಿತು. ಮಾತಿಗೆ ಹೇಳುತ್ತಿಲ್ಲ ಅಕ್ಕ, ನಿಜಕ್ಕೂ ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದು ಬಂದೆ.

ಮೊದಲಿನಿಂದ ಹೇಳುತ್ತೇನೆ. ನೀನು ನಿವೃತ್ತಳಾಗಿ ಹೋದ ಮರುವರ್ಷ ಅವರು ಬಂದರು. ಕಂಪನಿಗೆ ಒಂದು ಫೌಂಡೇಶನ್ ಇದೆ, ಆ ಫೌಂಡೇಶನ್ನಿಗೆ ಒಬ್ಬಳು ಮೇಡಂ ಇದ್ದಾಳೆ. ನಮ್ಮ ಬೆಂಚಿನ ಮೇಲೆ ಕೂರುವ ಮುನ್ನ ಕರವಸ್ತ್ರ ಹಾಸಿಕೊಂಡಳು, ಎದ್ದ ಮೇಲೆ ಆ ಕರವಸ್ತ್ರವನ್ನು ಎರಡು ಬೆರಳಲ್ಲಿ ಹಿಡಿದು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಆಗಲೇ ನಾನು ಬಾಗಿಲು ತೋರಿಸಬೇಕಿತ್ತು. ಆದರೆ ಅವಳ ಕೈಯಲ್ಲಿ ಒಂದು ಫಾರ್ಮ್ ಇತ್ತು. ‘ನಿಮ್ಮ ಸಮುದಾಯದ ಅತಿ ಮುಖ್ಯ ಅಗತ್ಯ ಯಾವುದು?’ ಎಂದು ಕೇಳಿ ಬರೆಯಲು ನಾಲ್ಕು ಗೆರೆ ಬಿಟ್ಟಿದ್ದರು. ಇಷ್ಟು ವರ್ಷದಲ್ಲಿ ನಮ್ಮನ್ನು ಯಾರು ಅದನ್ನು ಕೇಳಿದ್ದರು ಹೇಳು? ನಾನು ಮರುಳಾದೆ.

ನಾಲ್ಕು ಗೆರೆಯಲ್ಲಿ ನಾನು ಬರೆದದ್ದು ಒಂದೇ: ಒಂದು ವ್ಯಾನ್. ನಮ್ಮಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿಯರನ್ನು ಹೆದ್ದಾರಿ ದಾಟಿಸಿ ಹೈಸ್ಕೂಲಿಗೆ ಬಿಡಲು, ಸಂಜೆ ವಾಪಸ್ ತರಲು. ಆ ಹೆದ್ದಾರಿಗೆ ಹೆದರಿ ಎಷ್ಟು ಹೆಣ್ಣುಮಕ್ಕಳು ಏಳಕ್ಕೇ ನಿಂತರು ಎಂಬುದು ನನಗಿಂತ ನಿನಗೆ ಗೊತ್ತು. ಸಾಲುಮನೆಯ ಒಂದೊಂದು ಬಾಗಿಲ ಮುಂದೆಯೂ ನಿಂತು ಅವರ ಅಪ್ಪಂದಿರ ಜೊತೆ ಜಗಳವಾಡಿದವಳು ನೀನು. ಮೇಡಂ ಓದಿ, “ಬ್ಯೂಟಿಫುಲ್! ಇದನ್ನ ಎರಡನೇ ಹಂತದಲ್ಲಿ ಹಾಕೋಣ ಟೀಚರ್. ಮೊದಲ್ನೇ ಹಂತ ಬಣ್ಣ. ಬಣ್ಣ ಹಚ್ಚಿದ್ರೆ ಮಕ್ಕಳ ಮನಸ್ಸು ಅರಳುತ್ತೆ ಅಂತ ಸ್ಟಡಿ ಇದೆ,” ಎಂದಳು. ಪೇಂಟ್ ಕಂಪನಿಗೆ ಬಣ್ಣವೇ ಹೊಳೆಯಬೇಕು ಬಿಡು. ಸೋಪಿನ ಕಂಪನಿ ಬಂದಿದ್ದರೆ ಮಕ್ಕಳಿಗೆಲ್ಲ ಸ್ನಾನ ಮಾಡಿಸಿ ಹೋಗುತ್ತಿದ್ದರು.

ಆದರೆ ಒಂದು ತೊಡಕಾಯಿತು. ನಮ್ಮ ಶಾಲೆಗೆ ಆಗಷ್ಟೇ ಬಣ್ಣವಾಗಿತ್ತು. ನಿನಗೆ ಬರೆದಿದ್ದೆನಲ್ಲ, ರಜೆಯಲ್ಲಿ ತಾಯಂದಿರೆಲ್ಲ ಸೇರಿ ಹಚ್ಚಿದ್ದನ್ನು. ಅರ್ಧ ಸಾಲುಮನೆ ಪೇಂಟಿಂಗ್ ಕೂಲಿಗೇ ಹೋಗುವುದು. ಕೆಲಸದ ಜಾಗದಲ್ಲಿ ಡಬ್ಬಿಯ ತಳದಲ್ಲಿ ಉಳಿದದ್ದನ್ನು ತಿಂಗಳುಗಟ್ಟಲೆ ಕೂಡಿಟ್ಟು, ಒಂದು ಗೋಡೆಗೆ ಹಳದಿ, ಒಂದಕ್ಕೆ ತಿಳಿಹಸಿರು, ಮೂರನೆಯದಕ್ಕೆ ಯಾರದೋ ಮಲಗುವ ಕೋಣೆಯ ಗುಲಾಬಿ. ಎದುರಿನ ಗೋಡೆಗೆ ಏನೂ ಸಾಲದೆ ಎಲ್ಲವನ್ನೂ ಬೆರೆಸಿದರು, ಅದು ಹೆಸರಿಲ್ಲದ ಒಂದು ಬಣ್ಣವಾಯಿತು. ಆದರೆ ಕೆಲಸ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು, ಒಂದು ಬ್ರಷ್ ಗೆರೆ ಕಾಣಿಸುತ್ತಿರಲಿಲ್ಲ. ಗುಬ್ಬಿಯ ಅಮ್ಮನೇ ಮುಂದೆ ನಿಂತು ಮಾಡಿಸಿದ್ದಳು.

ಫೌಂಡೇಶನ್ ಮೇಡಂ ಎರಡನೆಯ ಸಲ ಫೋಟೋಗ್ರಾಫರನ ಜೊತೆ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ಮುಖ ಸಪ್ಪಗಾಯಿತು. “ಅಯ್ಯೋ ಟೀಚರ್, ಇದು ಚೆನ್ನಾಗಿದೆಯಲ್ಲಾ!” ಎಂದಳು. ಶಾಲೆ ಚೆನ್ನಾಗಿದೆ ಎಂಬುದನ್ನು ಯಾರೋ ಸತ್ತ ಸುದ್ದಿಯ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಅವರ ವರದಿಯಲ್ಲಿ ಒಂದು ಪುಟಕ್ಕೆ ಎರಡು ಫೋಟೋ ಇರುತ್ತವೆ. ಎಡಗಡೆ ‘ಮೊದಲು’, ಬಲಗಡೆ ‘ನಂತರ’. ‘ಮೊದಲು’ ನೋಡಿದವರ ಕರುಳು ಚುರ್ ಎನ್ನಬೇಕು, ‘ನಂತರ’ ನೋಡಿದವರು ಕಂಪನಿಗೆ ಚಪ್ಪಾಳೆ ತಟ್ಟಬೇಕು. ಇಲ್ಲಿ ‘ಮೊದಲು’ ಇಲ್ಲವಲ್ಲ ಎಂಬುದು ಅವಳ ಸಂಕಟ. “ಸ್ವಲ್ಪ ಹಳೇದು ಮಾಡ್ಬಹುದಾ? ಎದುರಿನ ಆ ಒಂದು ಗೋಡೆ ಸಾಕು. ‘ಮೊದಲು’ ಫೋಟೋ ಸ್ಟ್ರಾಂಗ್ ಆಗಿದ್ರೆ ಎರಡನೇ ಹಂತಕ್ಕೆ ಮೇಲಿನವ್ರು ತಕ್ಷಣ ಸೈ ಅಂತಾರೆ,” ಎಂದಳು.

ಎರಡನೇ ಹಂತ ಎಂದರೆ ವ್ಯಾನ್. ಹೇಗೆ ಗಾಳ ಹಾಕಿದಳು ನೋಡು.

ಬೈಯ್ಯಿ ಅಕ್ಕ, ನಾನು ಒಪ್ಪಿಕೊಂಡೆ. ಹೋಗಿ ಗುಬ್ಬಿಯ ಅಮ್ಮನಿಗೆ ಹೇಳಿದೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಇಪ್ಪತ್ತು ವರ್ಷದಿಂದ ಗೋಡೆ ಚೆಂದ ಮಾಡೋಕೆ ಕೂಲಿ ಕೊಡ್ತಿದ್ರು. ಗಲೀಜು ಮಾಡೋಕೂ ಕೂಲಿ ಕೊಡ್ತಾರಾ? ನಮ್ಮ ಕಾಲ ಬಂತು ಬಿಡಿ ಟೀಚರ್!” ಎಂದಳು. ಮಾರನೆಯ ದಿನ ಇನ್ನಿಬ್ಬರನ್ನು ಕರೆತಂದಳು. ದೊಡ್ಡ ಪಾತ್ರೆಯಲ್ಲಿ ಟೀ ಸೊಪ್ಪು ಕುದಿಸಿ, ಕಪ್ಪಗೆ ಇಳಿದ ಡಿಕಾಕ್ಷನ್ನನ್ನು ಸ್ಪಂಜಿನಲ್ಲಿ ಅದ್ದಿ ಗೋಡೆಯ ಮೇಲಿನಿಂದ ಕೆಳಗೆ ಇಳಿಬಿಟ್ಟರು. ನೀರು ಸೋರಿ ಹತ್ತು ವರ್ಷವಾದ ಗೋಡೆಯ ಹಾಗೆಯೇ ಆಯಿತು. ಕೆಳಗೆ ಅಲ್ಲಲ್ಲಿ ಕೆರೆದು ಮಸಿ ಒರೆಸಿದರು. ತಾನು ಬಳಿದ ಗೋಡೆಯನ್ನು ತಾನೇ ಕೆರೆಯುವಾಗಲೂ ಆಕೆ ಅಚ್ಚುಕಟ್ಟು ಬಿಡಲಿಲ್ಲ, ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತ, “ಆ ಕಡೆ ಇನ್ನೂ ಸ್ವಲ್ಪ ದರಿದ್ರ ಬೇಕು,” ಎನ್ನುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ನಗು ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದು ಮಾತು ಮಾತ್ರ ಅವಳು ಮೇಡಂಗೆ ಗಟ್ಟಿಯಾಗಿ ಹೇಳಿದಳು. “ಅಮ್ಮಾ, ಟೀ ಕಲೆ ಸುಮ್ನೆ ಬಿಡಲ್ಲ. ಮೇಲೆ ಬಣ್ಣ ಹೊಡಿಯೋ ಮುಂಚೆ ಕಲೆ ಹಿಡಿಯೋ ಪ್ರೈಮರ್ ಎರಡು ಕೈ ಹಾಕ್ಸಿ.” ಮೇಡಂ ಫೋನಿನಲ್ಲಿ ಏನೋ ಒತ್ತುತ್ತ, “ನಮ್ಮ ಪೇಂಟ್ ಬಗ್ಗೆ ನಮಗೆ ಗೊತ್ತಿರುತ್ತಮ್ಮ,” ಎಂದಳು.

ಫೋಟೋ ತೆಗೆದ ದಿನ. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋಗ್ರಾಫರ್ ಸಂತೆಯಲ್ಲಿ ತರಕಾರಿ ಆರಿಸುವವನ ಹಾಗೆ ನೋಡುತ್ತ ಹೋದ. ಇವಳು ದಪ್ಪ, ಇವನು ನಗುತ್ತಾನೆ. ಗುಬ್ಬಿಯ ಮುಂದೆ ನಿಂತ. “ಈ ಕಣ್ಣು ನೋಡಿ ಮೇಡಂ,” ಎಂದ. ಅವಳ ಕಣ್ಣು ನಿನಗೆ ಗೊತ್ತಲ್ಲ, ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮುಂಚೆಯೇ ಉತ್ತರ ಅದರಲ್ಲಿ ಬಂದು ಕೂತಿರುತ್ತಿತ್ತು. ಆದರೆ ಉಳಿದದ್ದೆಲ್ಲ ಅವರಿಗೆ ಬೇಡ. ಇಸ್ತ್ರಿ ಹಾಕಿದ ಯೂನಿಫಾರ್ಮು ಬೇಡ. ಅವಳ ಅಮ್ಮ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಬಿಗಿಯಾಗಿ ಹಾಕಿ ನೀಲಿ ರಿಬ್ಬನ್ ಕಟ್ಟುವ ಎರಡು ಜಡೆ ಬೇಡ. ನೀನು ಹೋಗುವಾಗ ಕೊಡಿಸಿದ ಕಪ್ಪು ಶೂ ಬೇಡವೇ ಬೇಡ. ದೊಡ್ಡದೆಂದು ಕಾಲ್ಬೆರಳ ತುದಿಗೆ ಬಟ್ಟೆ ತುರುಕಿಕೊಂಡು ಹಾಕುತ್ತಿದ್ದಳಲ್ಲ, ಒಂದು ವರ್ಷದಲ್ಲಿ ಸರಿಯಾಗಿ ಕೂತಿತ್ತು. ಶೂ ತೆಗೆಸಿದರು, ಎಲ್ಲಿಂದಲೋ ತಂದ ಹರಕು ಫ್ರಾಕು ಹಾಕಿಸಿದರು, ಜಡೆ ಬಿಚ್ಚಿಸಿದರು, ಕೂದಲು ಕೆದರಿ ಕೆನ್ನೆಗೆ ಮಸಿ ಒರೆಸಿ ಆ ಟೀ ಗೋಡೆಗೆ ಒರಗಿಸಿ ನಿಲ್ಲಿಸಿದರು. ಇಪ್ಪತ್ತು ನಿಮಿಷ. “ಅಮ್ಮ ಸತ್ತ್ಹೋದ್ಲು ಅಂತ ಅಂದ್ಕೋ ಪುಟ್ಟಾ,” ಎಂದ ಆ ಪ್ರಾಣಿ. ಅವಳ ಅಮ್ಮ ಅಲ್ಲೇ ಬಕೆಟ್ ತೊಳೆಯುತ್ತಿದ್ದಳು.

‘ನಂತರ’ದ ಫೋಟೋದಲ್ಲಿ ಗುಬ್ಬಿ ಇಲ್ಲ ಎಂಬುದು ನಿನಗೆ ಗೊತ್ತಿರಲಿ. ಅದಕ್ಕೆ ಹಲ್ಲು ಸರಿಯಾಗಿರುವ ಬೇರೆ ಹುಡುಗಿ ಬೇಕಾಗಿತ್ತಂತೆ. ಅವರ ಆಫೀಸಿನ ಯಾರದೋ ಮಗಳನ್ನು ಕಾರಿನಲ್ಲಿ ತಂದು ನಮ್ಮ ಯೂನಿಫಾರ್ಮು ಹಾಕಿಸಿ ನಿಲ್ಲಿಸಿದರು.

ಅವರ ಪೇಂಟರುಗಳು ಎರಡೇ ದಿನದಲ್ಲಿ ಶಾಲೆಯನ್ನು ತಮ್ಮ ಡಬ್ಬಿಯ ಮೂರು ಬಣ್ಣಕ್ಕೆ ತಿರುಗಿಸಿದರು. ನೀನು ಕುರ್ಚಿ ಹತ್ತಿ ಬರೆದಿದ್ದ, ತಾಯಂದಿರು ಮುಟ್ಟದೆ ಉಳಿಸಿದ್ದ ಮಗ್ಗಿಯೂ ಅದರ ಕೆಳಗೆ ಹೋಯಿತು. ಎದುರಿನ ಗೋಡೆಗೆ ಆಳುದ್ದ ಅಕ್ಷರದಲ್ಲಿ ‘ಇವರ ನಾಳೆಗೆ ಬಣ್ಣ ಹಚ್ಚೋಣ’. ಮೂಲೆಯ ಕೋಣೆಗೆ ಗಾಜಿನ ಬಾಗಿಲು ಹಾಕಿ ‘ಕಲಿಕಾ ಲೋಕ’ ಎಂದು ಹೆಸರಿಟ್ಟರು. ಒಳಗೆ ಮೆತ್ತನೆಯ ನೆಲ, ಬಣ್ಣಬಣ್ಣದ ಪುಸ್ತಕ, ಗೋಡೆಗೆ ದೊಡ್ಡ ಪರದೆ. ಬೀಗದ ಕೈ ಕಂಪನಿಯ ಹತ್ತಿರ. ಅತಿಥಿಗಳು ಬರುವ ದಿನ ಅವರ ಮನುಷ್ಯ ಬಂದು ತೆಗೆಯುತ್ತಾನೆ, ಮಕ್ಕಳು ಶೂ ಬಿಚ್ಚಿಟ್ಟು ಒಳಗೆ ಹೋಗಿ ಅರ್ಧ ಗಂಟೆ ಪುಸ್ತಕ ಹಿಡಿದುಕೊಂಡು ಕೂರುತ್ತಾರೆ, ಅವನು ಬೀಗ ಹಾಕಿಕೊಂಡು ಹೋಗುತ್ತಾನೆ. ಉಳಿದ ದಿನ ಚಿಕ್ಕವು ಗಾಜಿಗೆ ಮೂಗು ಒತ್ತಿ ನಿಂತಿರುತ್ತವೆ, ಆಯಮ್ಮ ಬಟ್ಟೆ ಹಿಡಿದು ಆ ಮೂಗಿನ ಗುರುತುಗಳನ್ನು ಒರೆಸುತ್ತಿರುತ್ತಾಳೆ.

ವ್ಯಾನ್ ಎಲ್ಲಿ ಎಂದು ನೀನು ಕೇಳುತ್ತೀಯ. ನಾನೂ ಪ್ರತಿ ತಿಂಗಳು ಕೇಳಿದೆ. “ಪೈಪ್‌ಲೈನ್‌ನಲ್ಲಿದೆ ಟೀಚರ್.” ಆ ಪೈಪು ಎಲ್ಲಿ ಕಟ್ಟಿಕೊಂಡಿದೆಯೋ ಗೊತ್ತಿಲ್ಲ. ಆಯಮ್ಮ ಬೀಗ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾಳೆ, ಇವತ್ತಿಗೆ ನಿಲ್ಲಿಸುತ್ತೇನೆ. ನಾಳೆ ಗುಬ್ಬಿಯ ಮನೆಗೆ ಹೋಗಬೇಕು. ಎರಡು ತಿಂಗಳಿಂದ ‘ನಾಳೆ’ ಎನ್ನುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ, ಮನೆಯಿಂದ

ಅಕ್ಕಾ, ಹೋಗಿ ಬಂದೆ.

ಬಸ್ಸಿಳಿದು ಹೆದ್ದಾರಿಯ ಪಕ್ಕದಲ್ಲೇ ನಡೆದೆ. ಹೈಸ್ಕೂಲಿಗೆ ಹೋಗುವ ಮಕ್ಕಳು ರಸ್ತೆ ದಾಟಲು ನಿಲ್ಲುವ ಜಾಗ ಇದೆಯಲ್ಲ, ಸರಿಯಾಗಿ ಅಲ್ಲೇ ಆ ಬೋರ್ಡು ನಿಂತಿದೆ. ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಅದರ ತುಂಬ ಗುಬ್ಬಿ. ಕೆದರಿದ ಕೂದಲು, ಮಸಿ ಕೆನ್ನೆ, ಬರಿಗಾಲು, ಹಿಂದೆ ಟೀ ಗೋಡೆ. ಕೆಳಗೆ ‘ಇವಳ ನಾಳೆಗೆ ಬಣ್ಣ ಹಚ್ಚೋಣ’ ಎಂದೂ ಕಂಪನಿಯ ಹೆಸರೂ. ಅವಳು ಹೈಸ್ಕೂಲು ಸೇರಿ ಐದು ತಿಂಗಳಿಗೆ ಇದನ್ನು ನಿಲ್ಲಿಸಿದರು. ಇಸ್ತ್ರಿ ಯೂನಿಫಾರ್ಮು ಹಾಕಿ, ಶೂ ಹಾಕಿ, ಬ್ಯಾಗು ಹೊತ್ತು, ಆ ಹುಡುಗಿ ದಿನಕ್ಕೆ ಎರಡು ಸಲ ತನ್ನದೇ ಆ ಮುಖದ ಕೆಳಗೆ ಲಾರಿಗಳು ಹೋಗಲಿ ಎಂದು ಕಾಯುತ್ತ ನಿಲ್ಲಬೇಕಿತ್ತು. ನಾನು ಒಂದು ಸಲ ನಿಂತೆ, ತಲೆ ತಗ್ಗಿಸಿ ಮುಂದೆ ನಡೆದುಬಿಟ್ಟೆ.

ಹೈಸ್ಕೂಲಿನಲ್ಲಿ ಏನಾಯಿತು ಎಂಬುದನ್ನು ಅವಳ ಅಮ್ಮ ಹೇಳಿದಳು. ಅವಳಿಗೂ ಅದು ತುಂಡುತುಂಡಾಗಿಯೇ ಗೊತ್ತಾದದ್ದು. ಮೊದಲು ಹುಡುಗರು ಗುರುತು ಹಿಡಿದರು. “ಬಾ, ನಿನ್ನ ನಾಳೆಗೆ ಬಣ್ಣ ಹಚ್ತೀವಿ” ಎಂದು ಸ್ಕೆಚ್ ಪೆನ್ನಿನಲ್ಲಿ ಅವಳ ಯೂನಿಫಾರ್ಮಿನ ಬೆನ್ನಿಗೆ ಗೀಚುತ್ತಿದ್ದರು. ಅಮ್ಮ ಸಂಜೆ ಉಜ್ಜಿ ಒಗೆಯುತ್ತಿದ್ದಳು, ಯಾಕೆ ಎಂದು ಕೇಳಿದರೆ ಇವಳು ಪೆನ್ನು ಸೋರಿತು ಎನ್ನುತ್ತಿದ್ದಳಂತೆ. ಅದನ್ನೂ ತಡೆದುಕೊಂಡಳು, ಎಷ್ಟಾದರೂ ನೀನು ಬೆಳೆಸಿದ ಹುಡುಗಿ. ತಡೆಯಲಾಗದೆ ಹೋದದ್ದು ಒಬ್ಬ ಒಳ್ಳೆಯವಳ ಒಳ್ಳೆಯತನವನ್ನು. ಅಲ್ಲಿನ ಟೀಚರೊಬ್ಬಳು ಬೋರ್ಡು ನೋಡಿ ಕರಗಿಹೋಗಿ, ತನ್ನ ಮಗಳ ಹಳೆಯ ಬಟ್ಟೆ, ಹಳೆಯ ಶೂ ಎಲ್ಲವನ್ನೂ ಚೀಲದಲ್ಲಿ ತುಂಬಿ ತಂದು, ತರಗತಿಯ ನಡುವೆ ಇವಳನ್ನು ಎಬ್ಬಿಸಿ ಕೈಗೆ ಕೊಟ್ಟಳಂತೆ. ಎಲ್ಲರಿಂದ ಚಪ್ಪಾಳೆ ಹೊಡೆಸಿದಳಂತೆ. ಇವಳ ಕಾಲಲ್ಲಿ ನೀನು ಕೊಡಿಸಿದ ಶೂ ಇತ್ತು ಅಕ್ಕ. ಪಾಲಿಶ್ ಹಾಕಿದ್ದು. ಯಾರೂ ಕೆಳಗೆ ನೋಡಲೇ ಇಲ್ಲ.

ಅವತ್ತು ಮನೆಗೆ ಬಂದವಳು ಚೀಲವನ್ನು ಹೊರಗಿಟ್ಟು, ಅಮ್ಮ ಸ್ಪಂಜು ಕತ್ತರಿಸುವ ಕತ್ತರಿ ತೆಗೆದುಕೊಂಡು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡಳು. ಬೋರ್ಡಿನ ಹುಡುಗಿಗೆ ಉದ್ದ ಕೂದಲು ಇದೆಯಲ್ಲ, ಇದಾದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು. ಮಾರನೆಯ ದಿನ ಹೋಗಿ ನೋಡಿದಳು. ಗುರುತು ಸಿಕ್ಕಿತು. ಅದರ ಮಾರನೆಯ ದಿನದಿಂದ ಹೋಗಲಿಲ್ಲ.

ನಾನು ಹೋದಾಗ ಅವಳು ಹೊಸ್ತಿಲ ಮೇಲೆ ಕೂತು ಬ್ರಷ್ಷುಗಳನ್ನು ತೊಳೆಯುತ್ತಿದ್ದಳು. ಬೆರಳ ತುದಿಯೆಲ್ಲ ಸವೆದು ಬಿಳಿಚಿಕೊಂಡಿತ್ತು. ಎದ್ದು, “ಬನ್ನಿ ಟೀಚರ್,” ಎಂದು ಚಾಪೆ ಹಾಸಿದಳು. ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ. ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದಳು. ಶಾಲೆಯ ಮಾತು ಎತ್ತಿದೆ. ಬೇರೆ ಹೈಸ್ಕೂಲು ನೋಡೋಣ ಎಂದೆ, ನಾನೇ ದಿನಾ ಬಂದು ದಾಟಿಸುತ್ತೇನೆ ಎಂದೆ. “ಗೋಡೆ ಕೆಲಸದಲ್ಲೂ ಲೆಕ್ಕ ಇರುತ್ತೆ ಟೀಚರ್. ಎಷ್ಟು ಅಡಿಗೆ ಎಷ್ಟು ಲೀಟರ್ ಅಂತ ಮೇಸ್ತ್ರಿ ನನ್ನನ್ನೇ ಕೇಳ್ತಾನೆ,” ಎಂದು ಬ್ರಷ್ಷು ಕೊಡವಿದಳು. ಹದಿಮೂರು ವರ್ಷದವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಅವಳ ಅಮ್ಮ ಗಲ್ಲಿಯ ತುದಿಯವರೆಗೆ ನನ್ನ ಜೊತೆ ಬಂದಳು. ಆಗಲೂ ಬೈಯಲಿಲ್ಲ. “ಟೀಚರ್, ನಾನೇ ಅಲ್ವಾ ಆ ಗೋಡೆಗೆ ಟೀ ಹಾಕಿದ್ದು? ದರಿದ್ರ ಸಾಲ್ದು ಅಂತ ಇನ್ನಷ್ಟು ಬಳಿದೆ. ನನ್ ಮಗಳನ್ನೇ ಅದಕ್ಕೆ ಒರಗಿಸ್ತಾರೆ ಅಂತ ಯಾರಿಗ್ ಗೊತ್ತಿತ್ತು?” ಎಂದಳು. 

ಮನೆಗೆ ಬಂದವಳೇ ಫೌಂಡೇಶನ್ ಮೇಡಂಗೆ ಫೋನ್ ಮಾಡಿದೆ. ಬೋರ್ಡು ಇಳಿಸಿ ಎಂದೆ. ಬೋರ್ಡಿಗೆ ಯಾವುದೋ ಪ್ರಶಸ್ತಿ ಬಂದಿದೆಯಂತೆ, ಇನ್ನೂ ಆರು ತಿಂಗಳು ಇರುತ್ತದಂತೆ. ಹುಡುಗಿ ಶಾಲೆಯನ್ನೇ ಬಿಟ್ಟಿದ್ದಾಳೆ, ನಿಮ್ಮ ಬೋರ್ಡಿನಿಂದಲೇ ಬಿಟ್ಟದ್ದು ಎಂದೆ. “ಅಯ್ಯೋ, ಸೋ ಸ್ಯಾಡ್. ಆದ್ರೆ ಗುರುವಾರ ಒಂದಿನಕ್ಕೆ ಬರ್ತಾಳಲ್ವಾ?” ಎಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ ಎಂದೆ. ಆಗ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ, ನೀನು ಉಗಿಯಲು ಪಕ್ಕದಲ್ಲಿ ಏನಾದರೂ ಇಟ್ಟುಕೋ: “ಪರವಾಗಿಲ್ಲ ಟೀಚರ್, ಚೌರಿ ಸಿಗುತ್ತಲ್ಲಾ. ಈ ಸಲ ನೀಟಾಗಿ ಎರಡು ಜಡೆ ಹಾಕ್ಸಿ, ‘ನಂತರ’ಕ್ಕೆ ಚೆನ್ನಾಗಿರುತ್ತೆ.”

ಥೂ. ಫೋನ್ ಇಟ್ಟು ಕೈ ತೊಳೆದುಕೊಂಡೆ, ಎರಡು ಸಲ.

ನಿನಗೆ ಸ್ವಲ್ಪವಾದರೂ ನಗು ಬರಲಿ ಎಂದು ಒಂದು ಸುದ್ದಿ ಉಳಿಸಿಕೊಂಡಿದ್ದೇನೆ. ಗುಬ್ಬಿಯ ಅಮ್ಮ ಹೇಳಿದ್ದು ನಿಜವಾಯಿತು. ಪ್ರೈಮರ್ ಹಾಕದೆ ಹೊಡೆದ ಆ ಗೋಡೆಯಲ್ಲಿ ಟೀ ಮೇಲೆದ್ದಿದೆ. ಮೊದಲು ಒಂದು ಕಂದು ಗೆರೆ, ಆಮೇಲೆ ಇನ್ನೊಂದು. ಈಗ ‘ನಾಳೆ’ ಎಂಬ ಅಕ್ಷರಗಳ ಮೇಲಿನಿಂದಲೇ ಧಾರೆಯಾಗಿ ಇಳಿದಿದೆ. ಅವರ ಜನ ಬಂದು ಎರಡು ಸಲ ಬಣ್ಣ ಹೊಡೆದು ಹೋದರು, ಎರಡು ಸಲವೂ ಎದ್ದು ಬಂತು. ಪೇಂಟ್ ಕಂಪನಿ, ಅಕ್ಕ! ಗುರುವಾರದೊಳಗೆ ಹೇಗಾದರೂ ಸರಿಮಾಡಿಸಿ ಎಂದು ಮೇಡಂ ಸಾಲುಮನೆಯ ಹೆಂಗಸರಿಗೆ ಹೇಳಿಕಳಿಸಿದಳು. ಒಬ್ಬಳೂ ಹೋಗಲಿಲ್ಲ. “ನಾವು ಮಾಡಿದ್ ಕೆಲ್ಸ ಗಟ್ಟಿಯಾಗಿದೆ, ಅದನ್ನ್ಯಾಕೆ ಕೆಡಿಸ್ಬೇಕು?” ಎಂದರಂತೆ.

ಗುರುವಾರ ವೇದಿಕೆಯ ಮೇಲೆ ಯಾರೂ ಹಾಜರಾಗುವುದಿಲ್ಲ. ಗೇಟಿನಲ್ಲಿ ನಿಂತು ಈ ಶಾಲೆಯನ್ನು ಬಿಟ್ಟುಬಿಡಿ ಎಂದು ನಾನೇ ಹೇಳುತ್ತೇನೆ. ಹೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇನೆ, ಮಾತು ಮರೆತರೆ ಓದಿಬಿಡುತ್ತೇನೆ. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಇದೆ. ಏನು ಮಾಡುತ್ತಾರೋ ಮಾಡಿಕೊಳ್ಳಲಿ.

ನಿನ್ನಿಂದ ಒಂದು ಉಪಕಾರ ಆಗಬೇಕು. ಗುಬ್ಬಿಗೆ ನೀನೇ ಒಂದು ಪತ್ರ ಬರೆ. ಬುದ್ಧಿ ಹೇಳಬೇಡ, ಒಂದು ಲೆಕ್ಕ ಕೊಡು, ಉತ್ತರ ಬರೆದು ಕಳಿಸು ಎನ್ನು. ನನ್ನ ಮಾತಿಗೆ ಈಗ ಅಲ್ಲಿ ಬೆಲೆ ಇಲ್ಲ, ನಿನ್ನ ಲೆಕ್ಕಕ್ಕೆ ಇರಬಹುದು.

ಮೆಟ್ಟಿಲು ಕಡಿಮೆ ಹತ್ತು. ಮೊಮ್ಮಕ್ಕಳಿಗೆ ನನ್ನ ಮುತ್ತು, ಅವರು ನಿನ್ನ ಕನ್ನಡಕ ಮುರಿಯದಷ್ಟು ಮಾತ್ರ ತುಂಟರಾಗಿ ಬೆಳೆಯಲಿ, ನೂರು ವರ್ಷ ಬಾಳಲಿ. ನಿನ್ನ ಅಳಿಯನಿಗೂ ಮಗಳಿಗೂ ಒಳ್ಳೆಯದಾಗಲಿ. ನನಗೆ ನಿನ್ನ ಆಶೀರ್ವಾದ ಬೇಕು ಎಂದು ಕೇಳುವ ಮುಖ ಇಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ,
ತಂಗಿ

ಮರೆತದ್ದಲ್ಲ, ಬರೆಯಲಾಗದ್ದು: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಶುಕ್ರವಾರದ ಹಾಳೆಯಲ್ಲಿ ‘ಜಡೆ ಬಿಚ್ಚಿಸಿದರು’ ಎಂದು ಬರೆದಿದ್ದೇನೆ ನೋಡು. ಅದು ಸುಳ್ಳು. ಮೇಡಂ ಕೈ ಚಾಚಿದಾಗ ಗುಬ್ಬಿ ಎರಡೂ ಜಡೆ ಹಿಡಿದುಕೊಂಡು ಹಿಂದೆ ಸರಿದಳು, “ಬೇಡ” ಎಂದಳು. ಫೋಟೋಗ್ರಾಫರ್, “ಬಿಡಿ ಮೇಡಂ, ಬೇರೆ ಮಗು ನೋಡೋಣ,” ಎಂದ. ಆ ಪ್ರಾಣಿ ಎಂದೆನಲ್ಲ, ಅವನು ಬಿಟ್ಟಿದ್ದ. ಬಿಡದವಳು ನಾನು. ಎಲ್ಲಿ ವ್ಯಾನ್ ಕೈತಪ್ಪುತ್ತದೋ ಎಂದು, “ಒಂದ್ನಿಮಿಷ ಇರಿ” ಎಂದು ಅವಳನ್ನು ಬಾಗಿಲ ಹಿಂದೆ ಕರೆದುಕೊಂಡು ಹೋದೆ. “ನನಗೋಸ್ಕರ ಕಣೇ ಗುಬ್ಬಿ” ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ದಿನಾ ಬೆಳಿಗ್ಗೆ ಅಮ್ಮನಿಗೆ ಕೂರುವ ಹಾಗೆ ನನಗೆ ಬೆನ್ನು ಮಾಡಿ ಕೂತಳು. ಎರಡು ಜಡೆಯನ್ನೂ ನಾನೇ ಬಿಚ್ಚಿದೆ. ಶೂ ಕೂಡ ನಾನೇ ಬಿಚ್ಚಿದೆ.

ಆ ನೀಲಿ ರಿಬ್ಬನ್ನುಗಳನ್ನು ವಾಪಸ್ ಕೊಡುವುದು ಮರೆತು ಮೇಜಿನ ಖಾನೆಯಲ್ಲೇ ಇಟ್ಟಿದ್ದೆ. ನಿನ್ನೆ ತೆಗೆದುಕೊಂಡು ಹೋಗಿದ್ದೆ. ಕತ್ತರಿಸಿದ ಕೂದಲಿನ ಮುಂದೆ ಕೈ ಚಾಚಿ ಹಿಡಿದ ಮೇಲೆಯೇ ನಾನು ಮಾಡುತ್ತಿರುವುದು ಏನೆಂದು ನನಗೆ ಹೊಳೆದದ್ದು. ಗುಬ್ಬಿ ಕೋಪ ಮಾಡಿಕೊಳ್ಳಲಿಲ್ಲ. “ಬೇರೆ ಯಾರು ಕೇಳಿದ್ರೂ ಬಿಡ್ತಿರ್ಲಿಲ್ಲ ಟೀಚರ್. ನೀವು ಅಂತ ಕೂತೆ,” ಎಂದು, ಮತ್ತೆ ಬ್ರಷ್ಷು ತೊಳೆಯತೊಡಗಿದಳು.

ರಿಬ್ಬನ್ನು ಅವಳು ತೆಗೆದುಕೊಳ್ಳಲಿಲ್ಲ ಅಕ್ಕ. ನನ್ನ ಹತ್ತಿರವೇ ಇದೆ.